ಮೂರು ವರ್ಷದ ಬಳಕೆಯ ಬಳಿಕ: ದುಬಾರಿ ಆಂಪ್ಲಿಫೈಯರ್ ಮತ್ತು ಅದರ ವಾಲ್ಯೂಮ್ ಗುಂಡಿ

ಮನೆಯವರೆಲ್ಲ ಮಲಗಿದ ಮೇಲೆ, ರಾತ್ರಿ ಒಂಬತ್ತೂವರೆಯಿಂದ ಹನ್ನೆರಡೂವರೆಯವರೆಗೆ, ಪಕ್ಕದ ಕೋಣೆಗೆ ಕೇಳಿಸದಷ್ಟು ಸಣ್ಣ ದನಿಯಲ್ಲಿ ಸಂಗೀತ ಕೇಳುವುದು ನನ್ನ ಬಹುಕಾಲದ ಅಭ್ಯಾಸ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ದೊಡ್ಡ ಹಜಾರದಲ್ಲಿ ಗಟ್ಟಿಯಾಗಿ ಕೇಳುವವರ ಅನುಭವ ನನ್ನದಕ್ಕಿಂತ ಬೇರೆಯಾಗಿರುತ್ತದೆ. ಹನ್ನೊಂದು ವರ್ಷ ದುಡಿದ 60 ವಾಟ್‌ನ ಆಂಪ್ಲಿಫೈಯರನ್ನು ಬದಿಗಿಟ್ಟು, ಮೂರು ವರ್ಷಗಳ ಹಿಂದೆ ಅದರ ಎಂಟು ಪಟ್ಟು ಬೆಲೆಯ 100 ವಾಟ್‌ನ ಒಂದನ್ನು ಕೊಂಡೆ. ಅದಕ್ಕೆ ಹಣ ಕೂಡಿಸಲು ನನಗೆ ಎರಡು ವರ್ಷ ಹಿಡಿದಿತ್ತು. ಸ್ಪೀಕರ್, ಸಿ.ಡಿ. ಪ್ಲೇಯರ್, ತಂತಿ, ಕುಳಿತುಕೊಳ್ಳುವ ಕುರ್ಚಿ ಎಲ್ಲವೂ ಮೊದಲಿದ್ದಂತೆಯೇ ಉಳಿದವು. ಬದಲಾದದ್ದು ಆಂಪ್ಲಿಫೈಯರ್ ಒಂದೇ.

ಮೊದಲ ರಾತ್ರಿ ಆದದ್ದನ್ನು ನಾನು ಇಂದಿಗೂ ಮರೆತಿಲ್ಲ. ಹತ್ತಾರು ಸಲ ಕೇಳಿದ್ದ ಒಂದು ಗಾಯನದ ಮುದ್ರಿಕೆಯನ್ನು ಹಾಕಿ, ಎಂದಿನ ಸಣ್ಣ ದನಿಗೆ ಇಳಿಸಿ ಕುಳಿತೆ. ಹಾಡುವ ಕಂಠ ಎರಡು ಸ್ಪೀಕರ್‌ಗಳ ನಟ್ಟನಡುವೆ ಬಂದು ನಿಂತಿತು. ತಂಬೂರಿಯ ಶ್ರುತಿ ಅದರ ಹಿಂದೆ ಎರಡೂ ಬದಿಗೆ ಸಮನಾಗಿ ಹರಡಿಕೊಂಡಿತ್ತು. ಹಳೆಯ ಆಂಪ್ಲಿಫೈಯರ್‌ನಲ್ಲಿ ರಾತ್ರಿಯ ಹೊತ್ತು ಕಂಠ ಯಾವಾಗಲೂ ಎಡಕ್ಕೆ ವಾಲಿರುತ್ತಿತ್ತು. ಅದನ್ನು ನಡುವಿಗೆ ತರಲು ಬ್ಯಾಲೆನ್ಸ್ ಗುಂಡಿಯನ್ನು ಬಲಕ್ಕೆ ತುಸು ತಿರುಗಿಸುವುದು, ಬೆಳಿಗ್ಗೆ ದನಿ ಏರಿಸಿದಾಗ ಮರಳಿ ನಡುವಿಗೆ ತರುವುದು, ಮರೆತರೆ ಮತ್ತೆ ಎದ್ದು ಹೋಗಿ ಸರಿಪಡಿಸುವುದು, ಇವೆಲ್ಲ ಹನ್ನೊಂದು ವರ್ಷಗಳಲ್ಲಿ ಕೈಗೆ ಎಷ್ಟು ರೂಢಿಯಾಗಿದ್ದವೆಂದರೆ ಅದೊಂದು ದೋಷವೆಂದೇ ನನಗೆ ಅನ್ನಿಸಿರಲಿಲ್ಲ. ಕೋಣೆಯ ಗೋಡೆಗಳು ಎರಡು ಬದಿಗೆ ಒಂದೇ ತೆರನಾಗಿಲ್ಲದಿರುವುದೇ ಕಾರಣವೆಂದು ನಂಬಿದ್ದೆ.

ಹೊಸದರ ವಾಲ್ಯೂಮ್ ಗುಂಡಿಯ ಬಗ್ಗೆ ಸ್ವಲ್ಪ ವಿವರವಾಗಿ ಬರೆಯುವುದು ನನಗೆ ಸಂತೋಷದ ಕೆಲಸ. ಸ್ವಿಚ್ ಹಾಕಿದ ಏಳೆಂಟು ಕ್ಷಣಗಳ ನಂತರ, ಸ್ಪೀಕರ್‌ಗಳನ್ನು ಜೋಡಿಸುವ ರಿಲೇ, ಅಂದರೆ ವಿದ್ಯುತ್ತಿನಿಂದಲೇ ನಡೆಯುವ ಸ್ವಿಚ್, ಒಳಗೆ ಟಕ್ಕೆಂದು ಬೀಳುತ್ತದೆ. ಆಮೇಲೆ ಗುಂಡಿಯನ್ನು ತಿರುಗಿಸಿದರೆ ಅರ್ಧ ಡೆಸಿಬಲ್‌ಗೆ (ದನಿಯ ಏರಿಳಿತವನ್ನು ಅಳೆಯುವ ಮಾನ) ಒಂದರಂತೆ ಸಣ್ಣ ಟಿಕ್ ಟಿಕ್ ಸದ್ದು ಪೆಟ್ಟಿಗೆಯೊಳಗಿಂದ ಕೇಳಿಬರುತ್ತದೆ. ಒಳಗಿನ ರಿಲೇಗಳು ವಿದ್ಯುತ್ತಿನ ಹರಿವನ್ನು ತಡೆಯುವ ಬೇರೆ ಬೇರೆ ರೆಸಿಸ್ಟರ್‌ಗಳನ್ನು ಸೇರಿಸುತ್ತ, ಬಿಡಿಸುತ್ತ ಇರುವ ಸದ್ದು ಅದು. ದೀಪ ಆರಿಸಿ, ಫಲಕದ ಡೆಸಿಬಲ್ ಅಂಕಿಯನ್ನು ಮೈನಸ್ 32ಕ್ಕೆ (ಮೈನಸ್ ಹೆಚ್ಚಿದಷ್ಟೂ ದನಿ ಸಣ್ಣದು) ತಂದು ಕೂರುತ್ತೇನೆ. ವಾದ್ಯಗೋಷ್ಠಿಯಾದರೆ ಮೈನಸ್ 34, ಒಂಟಿ ವೀಣೆಯಾದರೆ ಮೈನಸ್ 30. ನಿನ್ನೆ ಕೇಳಿದ ಮಟ್ಟಕ್ಕೆ ಇಂದು ಕರಾರುವಾಕ್ಕಾಗಿ ಮರಳಬಹುದು ಎಂಬುದು ಸಣ್ಣ ಸಂಗತಿಯಂತೆ ಕಾಣಬಹುದು, ಆದರೆ ಒಂದೇ ಮುದ್ರಿಕೆಯನ್ನು ವಾರಗಟ್ಟಲೆ ಕೇಳುವ ನನ್ನಂಥವರಿಗೆ ಅದರಿಂದ ಸಿಗುವ ನೆಮ್ಮದಿ ದೊಡ್ಡದು. ಮೊದಲು ಗುಂಡಿಯನ್ನು ಕೂದಲೆಳೆಯಷ್ಟು ಸರಿಸಿದರೆ ದನಿ ಒಮ್ಮೆಗೇ ಹಾರುತ್ತಿತ್ತು, ಇಲ್ಲವೇ ಒಂದು ಬದಿ ಪೂರ್ತಿ ಮೌನವಾಗುತ್ತಿತ್ತು.

ಹೀಗೇಕೆ ಆಗುತ್ತಿತ್ತೆಂಬುದನ್ನು ತಿಳಿದುಕೊಳ್ಳಲು ನನಗೆ ಕೆಲವು ತಿಂಗಳು ಬೇಕಾದವು. ಸಾಮಾನ್ಯ ಆಂಪ್ಲಿಫೈಯರ್‌ನ ವಾಲ್ಯೂಮ್ ಗುಂಡಿಯ ಹಿಂದೆ ಎರಡು ಕಾರ್ಬನ್ ಪಟ್ಟಿಗಳಿರುತ್ತವೆ, ಎಡಕ್ಕೊಂದು ಬಲಕ್ಕೊಂದು. ಒಂದೇ ಕಡ್ಡಿಗೆ ಜೋಡಿಸಿದ ಎರಡು ಮುಳ್ಳುಗಳು ಅವುಗಳ ಮೇಲೆ ಜಾರುತ್ತವೆ. ನಡುಭಾಗದಲ್ಲಿ ಎರಡೂ ಪಟ್ಟಿಗಳು ಚೆನ್ನಾಗಿ ಹೊಂದಿಕೊಂಡಿರುತ್ತವೆ. ತೀರ ಕೆಳಗಿನ ತುದಿಯಲ್ಲಿ ಮಾತ್ರ ಒಂದಕ್ಕೊಂದು ತಾಳೆಯಾಗುವುದಿಲ್ಲ. ನನ್ನ ಹಳೆಯದರಲ್ಲಿ ರಾತ್ರಿಯ ಮಟ್ಟದಲ್ಲಿ ಅಳೆದಾಗ ಎಡಬಲಗಳ ನಡುವೆ 3 ಡೆಸಿಬಲ್ ವ್ಯತ್ಯಾಸ ಕಂಡಿತು. ಅಂದರೆ ಒಂದು ಸ್ಪೀಕರ್‌ಗೆ ಇನ್ನೊಂದರ ಅರ್ಧದಷ್ಟೇ ವಿದ್ಯುತ್ ಶಕ್ತಿ ಹೋಗುತ್ತಿತ್ತು. ಕಂಠ ಎಡಕ್ಕೆ ಸರಿಯಲು ಅಷ್ಟು ಧಾರಾಳವಾಗಿ ಸಾಕು.

ಆ ತುದಿಯಲ್ಲೇ ನಾನು ಏಕೆ ಕೇಳಬೇಕಾಗಿತ್ತು ಎಂಬುದಕ್ಕೂ ಕಾರಣವಿದೆ. ನನ್ನ ಹಳೆಯ ಆಂಪ್ಲಿಫೈಯರ್‌ಗೆ 200 ಮಿಲಿವೋಲ್ಟ್ ಕೊಟ್ಟರೆ ಸಾಕು, ಅದು ತನ್ನ ಪೂರ್ಣ ಶಕ್ತಿಯನ್ನು ಹೊರಹಾಕುತ್ತದೆ. ರೇಡಿಯೊ ಟ್ಯೂನರ್, ಟೇಪ್ ಡೆಕ್‌ಗಳ ಕಾಲದಿಂದ ಬಂದ ಲೆಕ್ಕವದು. 1982ರಲ್ಲಿ ಮಾರುಕಟ್ಟೆಗೆ ಬಂದ ಸಿ.ಡಿ. ಪ್ಲೇಯರ್‌ಗಳು ಸುಮಾರು 2 ವೋಲ್ಟ್ ಕೊಡುವುದನ್ನು ರೂಢಿ ಮಾಡಿದವು, ಇಂದಿನ ಡಿಜಿಟಲ್ ಉಪಕರಣಗಳೂ ಅದನ್ನೇ ಪಾಲಿಸುತ್ತವೆ. ಹತ್ತು ಪಟ್ಟು ವೋಲ್ಟೇಜ್ ಎಂದರೆ 20 ಡೆಸಿಬಲ್ ಹೆಚ್ಚು. ಹೀಗಾಗಿ ಗುಂಡಿಯ ಮೊದಲ ಕಾಲು ಸುತ್ತಿನಲ್ಲೇ ನನ್ನ ಆಟವೆಲ್ಲ ಮುಗಿಯುತ್ತಿತ್ತು, ಉಳಿದ ಮುಕ್ಕಾಲು ಸುತ್ತನ್ನು ಹನ್ನೊಂದು ವರ್ಷಗಳಲ್ಲಿ ನಾನು ಮುಟ್ಟಲೇ ಇಲ್ಲ.

ವಾಟ್‌ಗಳ ವಿಷಯವನ್ನು ಬೇಗ ಮುಗಿಸುತ್ತೇನೆ. ನನ್ನ ಸ್ಪೀಕರ್‌ಗೆ ಒಂದು ವಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ 86 ಡೆಸಿಬಲ್ ಸದ್ದು ಬರುತ್ತದೆ. ಎರಡೂವರೆ ಮೀಟರ್ ದೂರದಲ್ಲಿ ಕುಳಿತು ನಾನು ಕೇಳುವ ಮಟ್ಟಕ್ಕೆ ಸರಾಸರಿ ಒಂದು ವಾಟ್‌ನ ನೂರನೇ ಒಂದು ಭಾಗ ಸಾಲುತ್ತದೆ. ಮೃದಂಗದ ಬಲವಾದ ಪೆಟ್ಟಿಗೆ ಒಂದೆರಡು ವಾಟ್ ಬೇಕಾದೀತು. 60ರಿಂದ 100 ವಾಟ್‌ಗೆ ಏರಿದ್ದರಿಂದ ಸಿಕ್ಕಿದ್ದು 2 ಡೆಸಿಬಲ್‌ಗಿಂತ ತುಸು ಹೆಚ್ಚು, ಅದನ್ನೂ ನಾನು ಬಳಸುವುದಿಲ್ಲ. ಸದ್ದು ಎರಡು ಪಟ್ಟಾದಂತೆ ಕಿವಿಗೆ ಅನ್ನಿಸಲು ಸುಮಾರು 10 ಡೆಸಿಬಲ್, ಅಂದರೆ ಹತ್ತು ಪಟ್ಟು ಶಕ್ತಿ ಬೇಕು ಎಂಬುದನ್ನು ಕೊಳ್ಳುವ ಮೊದಲೇ ನಾನು ಗಮನಕ್ಕೆ ತಂದುಕೊಳ್ಳಬೇಕಿತ್ತು.

ಎರಡನೆಯ ವರ್ಷದಲ್ಲಿ ಒಂದು ಪ್ರಶ್ನೆ ನನ್ನನ್ನು ಕಾಡತೊಡಗಿತು. ಕಂಠ ನಡುವಿಗೆ ಬಂದದ್ದು ಗುಂಡಿಯಿಂದ ಎಂದಾದರೆ, ಉಳಿದ ಸೊಗಸು, ಆ ಸ್ಪಷ್ಟತೆ, ಆ ಮಾರ್ದವ, ಎಲ್ಲಿಂದ ಬಂತು? ಉತ್ತರ ಪಡೆಯಲು ಎರಡೂ ಆಂಪ್ಲಿಫೈಯರ್‌ಗಳನ್ನು ಒಂದು ಸ್ವಿಚ್ ಪೆಟ್ಟಿಗೆಗೆ ಜೋಡಿಸಿದೆ. ಇಂಥ ಹೋಲಿಕೆಯಲ್ಲಿ ದನಿಯ ಮಟ್ಟ ಕಟ್ಟುನಿಟ್ಟಾಗಿ ಸಮವಾಗಿರಬೇಕು, ಏಕೆಂದರೆ ಅರ್ಧ ಡೆಸಿಬಲ್‌ನಷ್ಟು ಹೆಚ್ಚಿರುವುದನ್ನು ಕಿವಿ ಗಟ್ಟಿಯೆಂದು ಗುರುತಿಸದೆ ಹೆಚ್ಚು ಚೆಂದವೆಂದು ಗುರುತಿಸಿಬಿಡುತ್ತದೆ. ಸ್ಪೀಕರ್ ತುದಿಗಳಲ್ಲಿ ಮಲ್ಟಿಮೀಟರ್ ಹಿಡಿದು, 100 ಹರ್ಟ್ಸ್‌ನ ಪರೀಕ್ಷಾ ಸ್ವರವನ್ನು ನುಡಿಸಿ, ಎರಡರ ವೋಲ್ಟೇಜ್ ಶೇಕಡಾ 1ರೊಳಗೆ ಹೊಂದುವವರೆಗೆ ಸರಿಪಡಿಸಿದೆ, ಅದು 0.1 ಡೆಸಿಬಲ್‌ಗಿಂತ ಕಡಿಮೆ ವ್ಯತ್ಯಾಸ. ಹಳೆಯದರ ಗುಂಡಿ ಎಡಬಲ ಹೊಂದಿಕೊಳ್ಳುವ ಎತ್ತರದಲ್ಲೇ ಇರಲೆಂದು ಹಗಲು ಹೊತ್ತು, ದನಿ ಏರಿಸಿ, ಪರೀಕ್ಷಿಸಿದೆ. ಸ್ವಿಚ್ಚನ್ನು ನನಗೆ ಕಾಣದಂತೆ ನನ್ನ ಅಣ್ಣ ಬದಲಾಯಿಸುತ್ತಿದ್ದರು. ಇಪ್ಪತ್ತು ಸಲದಲ್ಲಿ ಹನ್ನೊಂದು ಸಲ ನಾನು ಸರಿಯಾಗಿ ಗುರುತಿಸಿದೆ. ಕಣ್ಣು ಮುಚ್ಚಿ ನಾಣ್ಯ ಚಿಮ್ಮಿ ಹೇಳಿದ್ದರೂ ಅಷ್ಟೇ ಬರುತ್ತಿತ್ತು. ನಿಜಕ್ಕೂ ವ್ಯತ್ಯಾಸ ಕೇಳಿಸುತ್ತಿದೆ ಎನ್ನಲು ಕನಿಷ್ಠ ಹದಿನೈದಾದರೂ ಸರಿಯಿರಬೇಕಿತ್ತು.

ಆ ಸಂಜೆ ನನಗೆ ಬಹಳ ಬೇಸರವಾಯಿತು ಎಂಬುದನ್ನು ಮುಚ್ಚಿಡುವುದಿಲ್ಲ. 1987ರಲ್ಲಿಯೇ ಅಮೆರಿಕದ ಸ್ಟೀರಿಯೊ ರಿವ್ಯೂ ಪತ್ರಿಕೆ ಇಂಥದೇ ಮರೆಪರೀಕ್ಷೆಯನ್ನು ನಡೆಸಿ, ಅಗ್ಗದ ಮತ್ತು ತುಂಬಾ ದುಬಾರಿ ಆಂಪ್ಲಿಫೈಯರ್‌ಗಳನ್ನು ಕೇಳುಗರು ಬೇರ್ಪಡಿಸಲಾರದೆ ಹೋದದ್ದನ್ನು ಪ್ರಕಟಿಸಿತ್ತು. ಇದರಲ್ಲಿ ಅಚ್ಚರಿಯೇನೂ ಇಲ್ಲ. ಬೆಲ್ ಪ್ರಯೋಗಾಲಯದ ಹೆರಾಲ್ಡ್ ಬ್ಲ್ಯಾಕ್ 1927ರಲ್ಲಿ ಕಂಡುಕೊಂಡ ಋಣ ಹಿಮ್ಮಾಹಿತಿಯ ತಂತ್ರ, ಹೊರಬರುವ ಸಂಕೇತದ ಒಂದಂಶವನ್ನು ಒಳಬರುವುದರೊಡನೆ ತಾಳೆ ನೋಡಿ ದೋಷವನ್ನು ತಗ್ಗಿಸುವ ಆ ಉಪಾಯ, ಇಂದು ಸಾಧಾರಣ ಬೆಲೆಯ ಆಂಪ್ಲಿಫೈಯರ್‌ಗಳಲ್ಲೂ ವಿರೂಪವನ್ನು ಕಿವಿಗೆ ನಿಲುಕದ ಮಟ್ಟಕ್ಕೆ ಇಳಿಸಿದೆ. ತನ್ನ ಶಕ್ತಿಯ ಮಿತಿಯೊಳಗೆ ಕೆಲಸ ಮಾಡುವ, ದೋಷವಿಲ್ಲದ ಎರಡು ಆಂಪ್ಲಿಫೈಯರ್‌ಗಳ ನಡುವೆ ಕೇಳಿಸಬೇಕಾದ ವ್ಯತ್ಯಾಸವೇ ಅತ್ಯಲ್ಪ.

ಇದಕ್ಕಿಂತ ಹೆಚ್ಚು ನೋಯಿಸಿದ್ದು ಮುಂದಿನ ತಿಂಗಳು ಮಾಡಿದ ಇನ್ನೊಂದು ಪ್ರಯೋಗ. ಸಿ.ಡಿ. ಪ್ಲೇಯರ್‌ಗೂ ಆಂಪ್ಲಿಫೈಯರ್‌ಗೂ ನಡುವೆ ಸಿಕ್ಕಿಸುವ, ಸಂಕೇತವನ್ನು ತಗ್ಗಿಸುವ, ಬೆರಳಿನಷ್ಟು ಉದ್ದದ ಅಟೆನ್ಯುಯೇಟರ್‌ಗಳು ಸಿಗುತ್ತವೆ. ಒಳಗಿರುವುದು ಒಂದೆರಡು ರೆಸಿಸ್ಟರ್‌ಗಳು ಮಾತ್ರ. 10 ಡೆಸಿಬಲ್‌ನ ಒಂದು ಜೊತೆಯನ್ನು, ಅಂದರೆ ವೋಲ್ಟೇಜನ್ನು ಮೂರನೇ ಒಂದು ಭಾಗಕ್ಕಿಂತ ತುಸು ಕೆಳಗೆ ಇಳಿಸುವಂಥದ್ದನ್ನು, ಹಳೆಯ ಆಂಪ್ಲಿಫೈಯರ್‌ಗೆ ಸಿಕ್ಕಿಸಿದೆ. ಗಡಿಯಾರದ ಎಂಟು ಗಂಟೆಯ ದಿಕ್ಕಿನಲ್ಲಿ ನಿಲ್ಲುತ್ತಿದ್ದ ಗುಂಡಿ ಹತ್ತರ ದಿಕ್ಕಿಗೆ ಬಂತು, ಎಡಬಲಗಳ 3 ಡೆಸಿಬಲ್ ವ್ಯತ್ಯಾಸ ಅರ್ಧ ಡೆಸಿಬಲ್‌ಗೆ ಇಳಿಯಿತು, ಕಂಠ ನಡುವಿಗೆ ಬಂದು ನಿಂತಿತು. ಎಂಟು ಪಟ್ಟು ಬೆಲೆ ತೆತ್ತು ಪಡೆದ ಸುಖದ ಬಹುಪಾಲನ್ನು ಹಳೆಯ ಆಂಪ್ಲಿಫೈಯರ್‌ನ ಬೆಲೆಯ ಒಂದು ಸಣ್ಣ ಅಂಶಕ್ಕೆ ನಾನು ಹನ್ನೊಂದು ವರ್ಷವೂ ಪಡೆಯಬಹುದಿತ್ತು. ಕೊಳ್ಳುವ ಮುನ್ನ ಮಾರಾಟಗಾರರಿಗೆ ನನ್ನ ತೊಂದರೆಯನ್ನು ಬಿಡಿಸಿ ಹೇಳಿದ್ದೆ. ಅವರು ಕಾರಣ ಕೇಳಲಿಲ್ಲ, ಇನ್ನೂ ದೊಡ್ಡದನ್ನು ಕೊಳ್ಳಿರಿ ಎಂದರು. ಕಂಪ್ಯೂಟರ್‌ನಿಂದ ಹಾಡು ನುಡಿಸುವವರಿಗೆ ಈ ಸಣ್ಣ ಸಾಧನವೂ ಬೇಕಿಲ್ಲ. ತಂತ್ರಾಂಶದ ಮಟ್ಟವನ್ನೇ 10 ಡೆಸಿಬಲ್ ಇಳಿಸಿ, ಆಂಪ್ಲಿಫೈಯರ್‌ನ ಗುಂಡಿಯನ್ನು ಮೇಲೇರಿಸಿದರೆ ಅದೇ ಪರಿಣಾಮ ಸಿಗುತ್ತದೆ.

ಹೊಸದರಿಂದ ಕಳೆದುಕೊಂಡದ್ದೂ ಇದೆ. ಸಂಕೇತಕ್ಕೆ ಶುದ್ಧ ಮಾರ್ಗ ಕೊಡುವ ಹೆಸರಿನಲ್ಲಿ ಅದರ ತಯಾರಕರು ಬಾಸ್, ಟ್ರೆಬಲ್ ಗುಂಡಿಗಳನ್ನು ತೆಗೆದುಹಾಕಿದ್ದಾರೆ. ಸದ್ದು ತಗ್ಗಿದಂತೆ ಕಿವಿಗೆ ಮಂದ್ರದ ಸ್ವರಗಳು ಉಳಿದವುಗಳಿಗಿಂತ ಹೆಚ್ಚು ಕುಗ್ಗಿದಂತೆ ಕೇಳಿಸುತ್ತವೆ. ಬೆಲ್ ಪ್ರಯೋಗಾಲಯದ ಸಂಶೋಧಕರಾದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲಿ ಪ್ರಕಟಿಸಿದ ವಕ್ರರೇಖೆಗಳು ತೋರಿಸುವುದು ಇದನ್ನೇ. ಹಳೆಯದರಲ್ಲಿ ಲೌಡ್‌ನೆಸ್ ಎಂಬ ಒಂದು ಒತ್ತುಗುಂಡಿ ಇತ್ತು, ರಾತ್ರಿ ಅದನ್ನು ಒತ್ತಿದರೆ ಮೃದಂಗದ ಎಡಬದಿಯ ಗುಂಕಾರ ಮರಳಿ ಬರುತ್ತಿತ್ತು. ಸಣ್ಣ ದನಿಯಲ್ಲಿ ಕೇಳುವವರಿಗೆ ಇದು ಅಲಂಕಾರವಲ್ಲ, ಅಗತ್ಯ. ಹೊಸದರಲ್ಲಿ ನಾನು ಅದನ್ನು ಪ್ರತಿ ರಾತ್ರಿ ನೆನೆಯುತ್ತೇನೆ.

ಇನ್ನೊಂದು ತೊಂದರೆ ಟ್ರಾನ್ಸ್‌ಫಾರ್ಮರ್‌ನದು. ಉಂಗುರಾಕಾರದ ದೊಡ್ಡ ಟ್ರಾನ್ಸ್‌ಫಾರ್ಮರ್‌ಗಳಿಗೆ, ಮನೆಗೆ ಬರುವ ವಿದ್ಯುತ್ತಿನಲ್ಲಿ ಅಲ್ಪ ಪ್ರಮಾಣದ ಏಕಮುಖ (ಡಿ.ಸಿ.) ವೋಲ್ಟೇಜ್ ಬೆರೆತರೂ ಸಾಕು, ಗುಂಯ್‌ಗುಡಲು ತೊಡಗುತ್ತವೆ. ನನ್ನದು ಕೆಲವು ರಾತ್ರಿ ಸುಮ್ಮನಿರುತ್ತದೆ, ಕೆಲವು ರಾತ್ರಿ ಎರಡು ಹಾಡುಗಳ ನಡುವಿನ ಮೌನದಲ್ಲಿ ಕುರ್ಚಿಯವರೆಗೆ ಕೇಳಿಸುತ್ತದೆ. ಏನೂ ನುಡಿಸದೆ ಇದ್ದಾಗಲೂ ಅದು 70 ವಾಟ್ ವಿದ್ಯುತ್ ಸೆಳೆಯುತ್ತದೆ. ಹಳೆಯದು 18 ವಾಟ್‌ನಲ್ಲಿ ತೃಪ್ತವಾಗಿತ್ತು. ದಿನಕ್ಕೆ ಮೂರು ಗಂಟೆಯಂತೆ ವರ್ಷಕ್ಕೆ ಸುಮಾರು 77 ಯೂನಿಟ್ ಆಗುತ್ತದೆ, ಬೇಸಿಗೆಯಲ್ಲಿ ಕೋಣೆಯ ಸೆಕೆಯೂ ಹೆಚ್ಚುತ್ತದೆ.

ಹಾಗೆಂದು ಅದನ್ನು ಮಾರಿಲ್ಲ. ಅಟೆನ್ಯುಯೇಟರ್ ಸರಿಪಡಿಸಲಾಗದ ಒಂದು ಗುಣ ಹೊಸದರಲ್ಲಿದೆ. ವಾಲ್ಯೂಮ್ ಗುಂಡಿಯಿಂದ ಮುಂದಿನ ಹಂತಗಳಲ್ಲಿ ಹುಟ್ಟುವ ಸುಯ್ ಎಂಬ ಸದ್ದು ಗುಂಡಿಯನ್ನು ಎಷ್ಟು ಇಳಿಸಿದರೂ ತಗ್ಗುವುದಿಲ್ಲ; ಹಳೆಯದರಲ್ಲಿ ಅದು ಒಂದು ಮೊಳ ದೂರದಿಂದಲೇ ಕೇಳಿಸುತ್ತಿತ್ತು, ಹೊಸದರಲ್ಲಿ ಸ್ಪೀಕರ್‌ಗೆ ಕಿವಿ ತಾಗಿಸಿದರೆ ಮಾತ್ರ ಕೇಳಿಸುತ್ತದೆ. ಜೊತೆಗೆ ಆ ಅರ್ಧ ಡೆಸಿಬಲ್‌ನ ಹೆಜ್ಜೆಗಳು ಮತ್ತು ದಿನವೂ ಅದೇ ಅಂಕಿಗೆ ಮರಳುವ ಅನುಕೂಲವನ್ನು ಬಿಟ್ಟುಕೊಡಲು ನನಗೆ ಮನಸ್ಸಿಲ್ಲ. ಸ್ಪೀಕರ್‌ನ ರೋಧ 3 ಓಮ್‌ಗಿಂತ ಕೆಳಗಿಳಿಯುವಂಥದ್ದಾಗಿದ್ದರೆ, ಅಥವಾ ದೊಡ್ಡ ಕೋಣೆಯಲ್ಲಿ ಗಟ್ಟಿಯಾಗಿ ಕೇಳುವವರಾಗಿದ್ದರೆ, ಹೆಚ್ಚು ಕರೆಂಟ್ ಕೊಡಬಲ್ಲ ಆಂಪ್ಲಿಫೈಯರ್‌ಗೆ ಹಣ ಹಾಕುವುದು ನ್ಯಾಯವೇ. ನನ್ನ ಸ್ಪೀಕರ್ 6 ಓಮ್‌ಗಿಂತ ಕೆಳಗೆ ಇಳಿಯುವುದೇ ಇಲ್ಲ. ಇದೇ ಹಣ ಇಂದು ಮತ್ತೆ ಕೈಯಲ್ಲಿದ್ದರೆ ಅದನ್ನು ಸ್ಪೀಕರ್‌ಗಳಿಗೆ ಹಾಕುತ್ತಿದ್ದೆ, ಏಕೆಂದರೆ ಅವುಗಳ ನಡುವಿನ ಭೇದವನ್ನು ಗುರುತಿಸಲು ಸ್ವಿಚ್ ಪೆಟ್ಟಿಗೆಯೂ ಬೇಡ, ಇಪ್ಪತ್ತು ಸಲದ ಪರೀಕ್ಷೆಯೂ ಬೇಡ.

ಆಂಪ್ಲಿಫೈಯರ್ ಬದಲಿಸಬೇಕೇ ಎಂದು ಕೇಳುವ ಗೆಳೆಯರಿಗೆ ಈಗ ನಾನು ಮೊದಲು ಕೇಳುವುದು ಅವರ ಗುಂಡಿ ಎಷ್ಟು ಗಂಟೆಯ ದಿಕ್ಕಿನಲ್ಲಿ ನಿಂತಿರುತ್ತದೆ ಎಂದು. ಒಂಬತ್ತಕ್ಕಿಂತ ಕೆಳಗೆ ಎಂದವರಿಗೆ ನನ್ನಲ್ಲಿರುವ 10 ಡೆಸಿಬಲ್‌ನ ಆ ಜೊತೆಯನ್ನು ಒಂದು ವಾರದ ಮಟ್ಟಿಗೆ ಕೊಡುತ್ತೇನೆ. ಹೋದ ತಿಂಗಳಿನಿಂದ ಅದು ಅಣ್ಣನ ಮನೆಯಲ್ಲಿದೆ. ಇನ್ನೂ ಮರಳಿ ಬಂದಿಲ್ಲ.