ಪಥೇರ್ ಪಾಂಚಾಲಿ: ಡಿವಿಡಿ, ಬ್ಲೂ-ರೇ, 4ಕೆ ಪಕ್ಕಪಕ್ಕದಲ್ಲಿಟ್ಟು ನೋಡಿದಾಗ

ಸತ್ಯಜಿತ್ ರಾಯ್ ಅವರ ಈ ಬಂಗಾಳಿ ಸಿನಿಮಾದಲ್ಲಿ ಮಗಳು ದುರ್ಗಾಳನ್ನು ಕಳೆದುಕೊಂಡ ತಾಯಿ ಸರ್ವಜಯಾಳ ಅಳು ನಮಗೆ ಕೇಳಿಸುವುದಿಲ್ಲ. ಅದರ ಜಾಗದಲ್ಲಿ ತಾರ್ ಶಹನಾಯಿ ಎಂಬ ಕಮಾನಿನ ತಂತಿವಾದ್ಯ ಚೀರುತ್ತದೆ. ಡಿಸ್ಕ್‌ಗಳ ಯೋಗ್ಯತೆ ಅಳೆಯಲು ಆ ದೃಶ್ಯವೊಂದೇ ಸಾಕು. ಹಳೆಯ ಪ್ಯಾಲ್ (ಭಾರತ, ಯುರೋಪಿನ ಟಿವಿ ಪದ್ಧತಿ) ಡಿವಿಡಿಯಲ್ಲಿ ಶ್ರುತಿ ಸುಮಾರು 0.7 ಸೆಮಿಟೋನ್ (ಅರ್ಧ ಸ್ವರ) ಮೇಲಕ್ಕೆ ಹೋಗಿರುತ್ತದೆ. ಸೆಕೆಂಡಿಗೆ 24 ಫ್ರೇಮಿನ ಚಿತ್ರವನ್ನು 25ರಲ್ಲಿ ಓಡಿಸಿದ್ದರ ಫಲ ಇದು. 125 ನಿಮಿಷದ ಸಿನಿಮಾ 120ಕ್ಕೇ ಮುಗಿಯುತ್ತದೆ, ಕತ್ತರಿ ಬಿದ್ದಿದೆ ಅಂದುಕೊಳ್ಳಬೇಡಿ. ಕೆಲವು ಡಿವಿಡಿಗಳಲ್ಲಿ ಶ್ರುತಿ ಸರಿಪಡಿಸಿರುತ್ತಾರೆ, ಆದರೂ ನಡಿಗೆಯ ಅವಸರ ಹಾಗೇ ಉಳಿಯುತ್ತದೆ. ಅಮೆರಿಕದ ಡಿಸ್ಕ್ ಕಂಪನಿ ಕ್ರೈಟೀರಿಯನ್‌ನ ಬ್ಲೂ-ರೇಯಲ್ಲಿ ಈ ತೊಂದರೆಯೇ ಇಲ್ಲ. ರವಿಶಂಕರರ ಸಿತಾರ್ ತನ್ನ ಶ್ರುತಿಯಲ್ಲೇ ನಿಲ್ಲುತ್ತದೆ.

ಚಿತ್ರದ ಮಟ್ಟಿಗೆ ರೈಲಿನ ದೃಶ್ಯ ಹಾಕಿ ನೋಡಿ. ಸಿನಿಮಾಕ್ಕೆ ಮೂಲವಾದ ಬಿಭೂತಿಭೂಷಣರ ಕಾದಂಬರಿಯಲ್ಲಿ ಅಕ್ಕ ದುರ್ಗಾ, ತಮ್ಮ ಅಪು ರೈಲು ಕಾಣದೆಯೇ ಮರಳುತ್ತಾರೆ. ರಾಯ್ ಅದನ್ನು ಪರದೆಗೆ ತಂದರು. ಬಿಳಿಯ ಕಾಶ ಹುಲ್ಲಿನ ಮೇಲೆ ಕಪ್ಪು ಹೊಗೆ. ಡಿವಿಡಿಯಲ್ಲಿ ಹುಲ್ಲು ಸುಣ್ಣ ಬಳಿದ ಗೋಡೆ, ಹೊಗೆ ಬರೀ ಮಸಿ. ಬ್ಲೂ-ರೇಯಲ್ಲಿ ತೆನೆಗಳು ಬಿಡಿಬಿಡಿಯಾಗಿ ತೂಗುತ್ತವೆ. ದುರ್ಗಾಳ ಕೊನೆಯ ರಾತ್ರಿಯ ಬಿರುಗಾಳಿಯಲ್ಲೂ ಅಷ್ಟೇ: ಕತ್ತಲೊಳಗೆ ಗೋಡೆ, ಬಾಗಿಲು ಗುರುತಾಗುತ್ತವೆ.

ಹಾಗಾದರೆ 4ಕೆಯಲ್ಲಿ ಇನ್ನೆಷ್ಟು ಚೆಂದ? 55 ಇಂಚಿನ ಟಿವಿಯಿಂದ ಎಂಟು ಅಡಿ ದೂರ ಕೂತರೆ, ಬಹಳ ಇಲ್ಲ. ಮೂಲ ನೆಗೆಟಿವ್ 1993ರಲ್ಲಿ ಲಂಡನ್ನಿನ ಲ್ಯಾಬಿನ ಬೆಂಕಿಗೆ ಸಿಕ್ಕಿತು. ಇಟಲಿಯ ಬೊಲೊನ್ಯದ ತಂತ್ರಜ್ಞರು ಸುಟ್ಟ ಸುರುಳಿಗಳನ್ನು ದ್ರಾವಣದಲ್ಲಿ ಮೆದುಗೊಳಿಸಿ ಬಿಡಿಸಿದರೂ ಪುನರುಜ್ಜೀವನಕ್ಕೆ ಅದರಿಂದ ದಕ್ಕಿದ್ದು ಸುಮಾರು 40% ಮಾತ್ರ. ಮಿಕ್ಕದ್ದು ಪ್ರತಿಗಳಿಂದ ಬಂದದ್ದು. ಆ ಭಾಗಗಳಲ್ಲಿ ಗ್ರೇನ್ (ಫಿಲ್ಮಿನ ಕಣಗಳು) ದಪ್ಪ, ಅಂಚು ಮೃದು. ಪಿಕ್ಸೆಲ್ ಹೆಚ್ಚಿದರೂ ಇಲ್ಲದ ವಿವರ ಹುಟ್ಟುವುದಿಲ್ಲ. ಒಂದು ಶಾಟ್ ಚೂಪು, ಮುಂದಿನದು ಮಂಕು ಅನ್ನಿಸಿದರೆ ಡಿಸ್ಕನ್ನು ಬೈಯಬೇಡಿ.

ಇಷ್ಟಾದರೂ ಭಾರತದಲ್ಲಿ ಕೊಳ್ಳುವವರಿಗೆ ನನ್ನ ಮತ ಕ್ರೈಟೀರಿಯನ್‌ನ 4ಕೆ ಪೆಟ್ಟಿಗೆಗೇ. ಕಾರಣ ಚಿತ್ರವಲ್ಲ, ರೀಜನ್: ಯಾವ ಪ್ರದೇಶದ ಪ್ಲೇಯರಿನಲ್ಲಿ ಡಿಸ್ಕ್ ಓಡಬೇಕೆಂಬ ಬೀಗ. ಕ್ರೈಟೀರಿಯನ್‌ನ ಅಮೆರಿಕದ ಬ್ಲೂ-ರೇ ರೀಜನ್ ಎ, ನಮ್ಮದು ಸಿ. ಇಲ್ಲಿ ಕೊಂಡ ಪ್ಲೇಯರಿಗೆ ಹಾಕಿದರೆ ಪರದೆಯ ಮೇಲೆ ಎಚ್ಚರಿಕೆ ಬರುತ್ತದೆಯೇ ಹೊರತು ಸಿನಿಮಾ ಬರುವುದಿಲ್ಲ. 4ಕೆ ಡಿಸ್ಕ್‌ಗಳಿಗೆ ರೀಜನ್ ಬೀಗವಿಲ್ಲ. ಆದರೆ ಸಂದರ್ಶನ ಮುಂತಾದ ಹೆಚ್ಚುವರಿಗಳು ಅದೇ ಪೆಟ್ಟಿಗೆಯ ಬ್ಲೂ-ರೇಗಳಲ್ಲಿವೆ, ಅವು ಮತ್ತೆ ರೀಜನ್ ಎ. ಅಮೆರಿಕದಲ್ಲಿರುವ ಕನ್ನಡಿಗರಿಗೆ ಈ ತಾಪತ್ರಯವಿಲ್ಲ, ಬರೀ ಬ್ಲೂ-ರೇ ಸಾಕು. ಸಬ್‌ಟೈಟಲ್ ಮಾತ್ರ ಎಲ್ಲರಿಗೂ ಇಂಗ್ಲಿಷೇ.

ಯಾವುದೇ ಡಿಸ್ಕ್ ಇರಲಿ, ಟಿವಿ ಕೆಡಿಸಬಲ್ಲದು. ಮೋಷನ್ ಸ್ಮೂತಿಂಗ್ (ಚಲನೆಯನ್ನು ಕೃತಕವಾಗಿ ನಯವಾಗಿಸುವ ಸೆಟ್ಟಿಂಗ್) ಮತ್ತು ನಾಯ್ಸ್ ರಿಡಕ್ಷನ್ ಆಫ್ ಮಾಡಿ. ಎರಡನೆಯದು ಗ್ರೇನನ್ನು ಒರೆಸಿ ಮುದುಕಿ ಇಂದಿರ್ ಠಾಕ್ರುಣಳ ಸುಕ್ಕುಗಳನ್ನೇ ಅಳಿಸಿಬಿಡುತ್ತದೆ. ಚಿತ್ರದ ಅನುಪಾತ 1.37:1, ಆದ್ದರಿಂದ ಎಡಬಲದಲ್ಲಿ ಕಪ್ಪು ಪಟ್ಟಿ ಇರಲೇಬೇಕು. ಪಟ್ಟಿ ಕಾಣದಿದ್ದರೆ ಟಿವಿ ಚಿತ್ರವನ್ನು ಎಳೆದಿದೆ ಅಥವಾ ಮೇಲೆ ಕೆಳಗೆ ಕತ್ತರಿಸಿದೆ: ಜೂಮ್, ಸ್ಟ್ರೆಚ್ ತೆಗೆದುಹಾಕಿ.