ಮೈಸೂರು, ಮಂಡ್ಯ ಕಡೆ ಸೆಕೆಂಡ್ ಹ್ಯಾಂಡ್ ಸ್ಕೈಡೈವಿಂಗ್ ರಿಗ್ ತೆಗೆದುಕೊಳ್ಳುವವರು ದಯವಿಟ್ಟು ಓದಿ

ಮೊದಲೇ ಹೇಳಿಬಿಡುತ್ತೇನೆ. "ಪೂರ್ತಿ ರೆಡಿ ಇದೆ, ನಾಳೆನೇ ಹಾರಬಹುದು" ಎಂದು ಯಾರಾದರೂ ನಿಮಗೆ ಹಳೆಯ ರಿಗ್ (ಬೆನ್ನಿಗೆ ಕಟ್ಟುವ ಪ್ಯಾರಾಚೂಟ್ ಸೆಟ್) ಮಾರಲು ಬಂದರೆ, ನೀವೇ ಗೊತ್ತು ಮಾಡಿದ ರಿಗ್ಗರ್ (ಪ್ಯಾರಾಚೂಟ್ ಪರೀಕ್ಷಿಸಿ ಪ್ಯಾಕ್ ಮಾಡುವ ಪರಿಣಿತ) ಅದರ ರಿಸರ್ವ್, ಅಂದರೆ ತುರ್ತಿಗೆ ಇರುವ ಎರಡನೇ ಚೂಟ್, ಬಿಚ್ಚಿ ನೋಡುವ ತನಕ ಒಂದು ರೂಪಾಯಿಯನ್ನೂ ಕೊಡಬೇಡಿ. ರಿಸರ್ವ್ ಯಾವಾಗ ಯಾರು ಪ್ಯಾಕ್ ಮಾಡಿದರೆಂದು ಬರೆದ ಕಾರ್ಡ್ ತೋರಿಸಿದರೂ ಕೊಡಬೇಡಿ. ಸೀಲ್ ತೋರಿಸಿದರೂ ಕೊಡಬೇಡಿ. ನನಗೆ ಎರಡನ್ನೂ ತೋರಿಸಿದ್ದರು. ಎರಡೂ ಸುಳ್ಳು.

ನಾನು ಮೈಸೂರಿನವನು. ಬನ್ನಿಮಂಟಪದಲ್ಲಿ ದಸರಾ ಏರ್ ಶೋಗೆ ವಾಯುಪಡೆಯ ಆಕಾಶಗಂಗಾ ತಂಡದವರು ಮೇಲಿಂದ ಇಳಿದದ್ದನ್ನು ನೋಡಿ ಈ ಹುಚ್ಚು ಹಿಡಿದವರು ನಮ್ಮಲ್ಲಿ ಬಹಳ ಜನ ಇದ್ದಾರೆ, ನಾನೂ ಅವರಲ್ಲೊಬ್ಬ. ಥಾಯ್ಲೆಂಡ್‌ಗೆ ಹೋಗಿ ಎಎಫ್‌ಎಫ್ (ಹಾರಲು ಕಲಿಸುವ) ಕೋರ್ಸ್ ಮುಗಿಸಿ, ಮೊದಲ ಹಂತದ ಎ ಲೈಸೆನ್ಸ್ ಮಾಡಿಕೊಂಡು ಬಂದೆ. ಮಂಡಕಳ್ಳಿಯಲ್ಲಿ ಕ್ಯಾಂಪ್ ನಡೆದರೆ ಅಲ್ಲಿ, ಇಲ್ಲದಿದ್ದರೆ ಹರಿಯಾಣದ ನಾರ್ನೌಲ್‌ನಲ್ಲಿ ಹಾರುವುದು. ಪ್ರತಿ ಸಲ ಬಾಡಿಗೆ ರಿಗ್. ನಮ್ಮ ಅಳತೆಯದು ಸಿಗುವುದಿಲ್ಲ, ಸಿಕ್ಕರೆ ಇನ್ನೊಬ್ಬರು ಹಾಕಿಕೊಂಡಿರುತ್ತಾರೆ. ಸ್ವಂತದ್ದು ಬೇಕು ಅನ್ನಿಸುವುದು ಸಹಜ ಅಲ್ವಾ? ಹೊಸದಕ್ಕೆ ಎಲ್ಲಾ ಸೇರಿ ಆರೇಳು ಲಕ್ಷದ ಮೇಲೆ. ಅದಕ್ಕೇ ಎಲ್ಲರೂ ಸೆಕೆಂಡ್ ಹ್ಯಾಂಡ್ ಹುಡುಕುವುದು.

ಈ ವ್ಯವಹಾರ ಹೇಗೆ ನಡೆಯುತ್ತದೆ ಎಂದು ಹಾರುವವರಿಗೆ ಗೊತ್ತೇ ಇದೆ. ಮಾರುವವನು ರಿಗ್ಗರ್ ಹತ್ತಿರ ಕಳಿಸುತ್ತಾನೆ, ರಿಗ್ಗರ್ ನೋಡಿ ಸರಿ ಇದೆ ಅಂದ ಮೇಲೆ ದುಡ್ಡು. ನನಗೆ ರಿಗ್ ಮಾರಿದ ಮನುಷ್ಯ ಆ ಹೆಜ್ಜೆಯನ್ನೇ ನುಂಗಿ ಹಾಕಿದ. "ಗುರು, ಹೋದ ತಿಂಗಳಷ್ಟೇ ಅಮೆರಿಕದ ಲೈಸೆನ್ಸ್ ಇರೋ ರಿಗ್ಗರ್ ಹತ್ರ ಚೆಕ್ ಮಾಡಿಸಿ ರೀಪ್ಯಾಕ್ ಮಾಡಿಸಿದ್ದೀನಿ. ಈಗ ಬಿಚ್ಚಿದ್ರೆ ಸೀಲ್ ಒಡೆಯತ್ತೆ, ಮತ್ತೆ ಪ್ಯಾಕಿಂಗ್ ಚಾರ್ಜ್ ನಿಂಗೇ ದಂಡ" ಎಂದ. ಕಾರ್ಡ್‌ನ ಫೋಟೋ ಕಳಿಸಿದ. ತಾರೀಖು ಇತ್ತು, ಸಹಿ ಇತ್ತು, ರಿಗ್ಗರ್ ನಂಬರ್ ಇತ್ತು. ರಿಸರ್ವ್ ಮುಚ್ಚಿಡುವ ಪಿನ್ ಮೇಲೆ ಕೆಂಪು ದಾರ, ಸೀಸದ ಸೀಲ್. ಅಮೆರಿಕದ ನಿಯಮದಲ್ಲಿ ರಿಸರ್ವನ್ನು 180 ದಿನಕ್ಕೊಮ್ಮೆ ಬಿಚ್ಚಿ ಮತ್ತೆ ಪ್ಯಾಕ್ ಮಾಡಬೇಕು. ಆ ಲೆಕ್ಕದಲ್ಲಿ ಎಲ್ಲವೂ ಸರಿಯಾಗಿತ್ತು.

ಮಂಡ್ಯದಲ್ಲಿ ಹಳೆ ಹೈವೇ ಪಕ್ಕದ ಹೋಟೆಲಿನಲ್ಲಿ ಭೇಟಿ. ತುಂಬಾ ಚೆನ್ನಾಗಿ ಮಾತಾಡಿದ. ಕ್ಯಾಂಪುಗಳಲ್ಲಿ ಅವನನ್ನು ನೋಡಿದವರು ಸುಮಾರು ಜನ, ಹೊಸಬರಿಗೆ ಪ್ಯಾಕಿಂಗ್ ಹೇಳಿಕೊಡುತ್ತಾ ಓಡಾಡುತ್ತಿದ್ದ. ನಾನು ಅಣ್ಣ ಅಣ್ಣ ಎಂದೇ ಕರೆಯುತ್ತಿದ್ದೆ. ಡ್ರಾಪ್‌ಝೋನ್‌ನಲ್ಲಿ (ಹಾರಿ ಇಳಿಯುವ ಜಾಗ) ನಾವು ಒಬ್ಬರ ಪಿನ್ ಇನ್ನೊಬ್ಬರು ಚೆಕ್ ಮಾಡುತ್ತೇವೆ. ಹಾರುವ ಮುಂಚೆ ಬೆನ್ನು ತಿರುಗಿಸಿ "ಸ್ವಲ್ಪ ನೋಡಿ" ಎನ್ನುತ್ತೇವೆ. ಆ ಜಾಗದಲ್ಲಿ ನಂಬಿಕೆ ಇಲ್ಲದೆ ಒಂದು ದಿನವೂ ನಡೆಯುವುದಿಲ್ಲ. ಅದನ್ನೇ ಈ ಮನುಷ್ಯ ದುಡ್ಡು ಮಾಡಿಕೊಂಡ. ನನಗೆ ಜಾಸ್ತಿ ಉರಿಯುವುದು ಅದೇ.

ಒಟ್ಟು 2 ಲಕ್ಷ 60 ಸಾವಿರ. ಮುಂಗಡ 50 ಸಾವಿರ, ಉಳಿದದ್ದು ಕೈಗೆ ಕೊಟ್ಟ ದಿನ. ಚೀಟಿ ಎತ್ತಿ ಕೊಟ್ಟ ದುಡ್ಡು ಅದು. ಇನ್ನೂ ಕಂತು ಕಟ್ಟುತ್ತಿದ್ದೇನೆ.

ಅವನು ಹೇಳಿದ್ದು ಇಷ್ಟು: ಮೇನ್, ಅಂದರೆ ಮುಖ್ಯ ಚೂಟ್, 190 ಚದರಡಿಯದು. ರಿಸರ್ವ್ ಒಂದು ಸಲವೂ ತೆರೆದಿಲ್ಲ. ಎಎಡಿ (ತಾನಾಗಿಯೇ ರಿಸರ್ವ್ ತೆರೆಸುವ ಯಂತ್ರ) ಸೈಪ್ರೆಸ್ 2 ಮಾಡೆಲ್, ಬ್ಯಾಟರಿ ಮಾತ್ರ ವೀಕ್ ಆಗಿದೆ, ಬದಲಾಯಿಸಿಕೊಂಡರೆ ಸಾಕು. ಮೇನ್ ಅಗಲಿಸಿ ತೋರಿಸಣ್ಣ ಎಂದರೆ "ಇಲ್ಲಿ ಎಲ್ಲಿ ಅಗಲಿಸೋದು ಗುರು, ಮಣ್ಣು ಮೆತ್ಕೊಳತ್ತೆ" ಎಂದ. ಅದೂ ನಿಜವೇ, ಹೈವೇ ಪಕ್ಕ ಎಲ್ಲಿ ಅಗಲಿಸುವುದು?

ನಂತರ ಕ್ಯಾಂಪಿಗೆ ಬಂದಿದ್ದ ಒಬ್ಬ ಹಿರಿಯ ರಿಗ್ಗರ್ ಮೈಸೂರಿನಲ್ಲಿದ್ದಾಗ ಎಎಡಿ ವಿಷಯ ಕೇಳೋಣ ಎಂದು ರಿಗ್ ತೆಗೆದುಕೊಂಡು ಹೋದೆ. ಗೆಳೆಯನ ಮಾವನ ಕಲ್ಯಾಣ ಮಂಟಪ ಖಾಲಿ ಇತ್ತು, ಅಲ್ಲೇ ಪ್ಯಾಕಿಂಗ್ ನಡೆಯುತ್ತಿತ್ತು. ಇನ್ನೂ ನಾಲ್ಕಾರು ಜನ ಹಾರುವವರಿದ್ದರು. ಎಲ್ಲರಿಗೂ ನನ್ನ ಹೊಸ ರಿಗ್ ನೋಡುವ ಆಸೆ.

ಆ ರಿಗ್ಗರ್ ಮೊದಲು ಸೀಲ್ ನೋಡಿದರು. ಆಮೇಲೆ ಕಾರ್ಡ್ ನೋಡಿದರು. ಮತ್ತೆ ಸೀಲ್ ನೋಡಿದರು. ಪ್ರತಿ ರಿಗ್ಗರ್‌ಗೂ ತನ್ನದೇ ಗುರುತು ಇರುತ್ತದೆ, ಸೀಸವನ್ನು ಒತ್ತುವಾಗ ಅದು ಮೂಡುತ್ತದೆ. ಕಾರ್ಡ್‌ನಲ್ಲಿದ್ದ ಗುರುತು ಒಂದು, ಸೀಸದ ಮೇಲಿದ್ದದ್ದು ಯಾವ ಗುರುತೂ ಅಲ್ಲ, ಇಕ್ಕಳದಲ್ಲಿ ಹಿಸುಕಿದ ಗೆರೆ. ದಾರ ಮನೆಯಲ್ಲಿ ಬಟ್ಟೆ ಹೊಲಿಯುವ ದಾರ. ಅದು ಯಾಕೆ ಮುಖ್ಯ ಅಂದರೆ, ಸೀಲ್ ದಾರ ಸುಲಭವಾಗಿ ಹರಿಯುವಂಥದ್ದೇ ಇರಬೇಕು. ಗಟ್ಟಿ ದಾರ ಕಟ್ಟಿದರೆ ಹ್ಯಾಂಡಲ್ ಎಳೆದಾಗ ಪಿನ್ ಬರುವುದಕ್ಕೇ ಅಡ್ಡಿ.

ಅವರು ತಲೆ ಎತ್ತದೆ ಕೇಳಿದರು, "ಇದನ್ನ ಪ್ಯಾಕ್ ಮಾಡಿದ್ದು ಯಾರಪ್ಪಾ?"

ಆ ಒಂದು ಪ್ರಶ್ನೆ ಈಗಲೂ ಕಿವಿಯಲ್ಲಿದೆ. ಎಲ್ಲರೂ ಸುಮ್ಮನಾದರು. ನಾನು ಕಾರ್ಡ್ ತೋರಿಸಿ ಆ ರಿಗ್ಗರ್ ಹೆಸರು ಹೇಳಿದೆ. ಇವರಿಗೆ ಅವರು ಪರಿಚಯ. ಅಲ್ಲೇ ಮೆಸೇಜ್ ಹಾಕಿದರು. ಸ್ವಲ್ಪ ಹೊತ್ತಿಗೆ ಉತ್ತರ ಬಂತು: ಆ ರಿಗ್ ನಾನು ನೋಡಿ ವರ್ಷಗಳೇ ಆಗಿವೆ, ಆ ಸಹಿ ನನ್ನದಲ್ಲ. ಕಾರ್ಡ್‌ನ ಕೊನೆಯ ಸಾಲುಗಳೆಲ್ಲ ಒಂದೇ ಪೆನ್ನಿನಲ್ಲಿ ಒಂದೇ ಕೂತಲ್ಲಿ ಬರೆದದ್ದು ಎಂದು ಆಗ ನೋಡಿದರೆ ಎಲ್ಲರಿಗೂ ಕಾಣುತ್ತಿತ್ತು. ನನಗೆ ಮುಖ ಎತ್ತಲು ಆಗಲಿಲ್ಲ. ಅವರಲ್ಲಿ ಇಬ್ಬರಿಗೆ ನಾನೇ ಈ ಮನುಷ್ಯನ ನಂಬರ್ ಕೊಟ್ಟಿದ್ದೆ.

ಆಮೇಲೆ ರಿಸರ್ವ್ ಬಿಚ್ಚಿದರು. ಒಂದು ಸಲವೂ ತೆರೆದಿಲ್ಲ ಎಂದಿದ್ದನಲ್ಲ, ಬಟ್ಟೆಯ ಮೇಲೆ ಹುಲ್ಲಿನ ಹಸಿರು ಕಲೆ. ಅದು ಪಿಡಿ ಕಂಪನಿಯ ರಿಸರ್ವ್. ಅದರ ಲೇಬಲ್ ಮೇಲೆ ಪ್ಯಾಕ್ ಮಾಡಿದಾಗಲೂ, ಗಾಳಿಯಲ್ಲಿ ತೆರೆದಾಗಲೂ ಗುರುತು ಹಾಕಲು ಚೌಕಗಳಿರುತ್ತವೆ. 40 ರೀಪ್ಯಾಕ್ ಅಥವಾ 25 ಸಲ ತೆರೆದದ್ದು ಆದರೆ ಪರೀಕ್ಷೆಗೆ ಕಂಪನಿಗೆ ಕಳಿಸಬೇಕು. ತೆರೆದ ಚೌಕಗಳಲ್ಲಿ ಗುರುತುಗಳಿದ್ದವು. ಅಂದರೆ ಯಾರೋ ಇದರಲ್ಲಿ ಜೀವ ಉಳಿಸಿಕೊಂಡಿದ್ದಾರೆ. ಅದು ತಪ್ಪಲ್ಲ, ತೆರೆದ ರಿಸರ್ವ್ ಕೆಟ್ಟದ್ದಂತ ಅಲ್ಲ. ಸುಳ್ಳು ಹೇಳಿದ್ದು ತಪ್ಪು.

ಎಎಡಿ ಹೊರಗೆ ತೆಗೆದರು. ತಯಾರಾದದ್ದು 2008. ಆ ಕಾಲದ ಸೈಪ್ರೆಸ್ 2ರ ಆಯುಸ್ಸು ಹನ್ನೆರಡೂವರೆ ವರ್ಷ. ಮುಗಿದು ಎಷ್ಟೋ ಕಾಲವಾಗಿದೆ. ಬ್ಯಾಟರಿ ಬದಲಾಯಿಸಿಕೊ ಎಂದಿದ್ದನಲ್ಲ, ಸೈಪ್ರೆಸ್ 2ರಲ್ಲಿ ಬ್ಯಾಟರಿಯನ್ನು ನಾವು ಬದಲಾಯಿಸುವಂತೆಯೇ ಇಲ್ಲ, ಸರ್ವಿಸ್‌ಗೆ ಕಳಿಸಿದಾಗ ಕಂಪನಿಯವರೇ ನೋಡಿಕೊಳ್ಳುತ್ತಾರೆ. ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ನಾವು ಪ್ರಜ್ಞೆ ತಪ್ಪಿದರೆ, ಎತ್ತರದ ಲೆಕ್ಕ ತಪ್ಪಿದರೆ, ನೆಲದಿಂದ ಸುಮಾರು 225 ಮೀಟರ್ ಎತ್ತರದಲ್ಲೂ ಸೆಕೆಂಡಿಗೆ 35 ಮೀಟರ್‌ಗಿಂತ ಜೋರಾಗಿ ಬೀಳುತ್ತಿದ್ದರೆ, ಈ ಪುಟ್ಟ ಯಂತ್ರ ರಿಸರ್ವ್‌ನ ಲೂಪ್ ಕತ್ತರಿಸಿ ಅದನ್ನು ಬಿಡಿಸುತ್ತದೆ. ಆ ಹೊತ್ತಿಗೆ ಅದನ್ನು ಬಿಟ್ಟರೆ ಬೇರೆ ಏನೂ ಇರುವುದಿಲ್ಲ. ಸತ್ತ ಯಂತ್ರವನ್ನು ಒಳಗಿಟ್ಟು ಬ್ಯಾಟರಿ ವೀಕ್ ಅಂತ ಹೇಳಿ ದುಡ್ಡು ಎಣಿಸಿಕೊಂಡ.

ಕೊನೆಗೆ ಮೇನ್ ಹಾಲಿನ ಉದ್ದಕ್ಕೂ ಹಾಸಿದರು. ಸೈಜ್ ಬರೆದಿರುವ ಲೇಬಲ್ ಇಲ್ಲ. ಲೇಬಲ್ ಇದ್ದ ಜಾಗದಲ್ಲಿ ಹೊಲಿಗೆಯ ತೂತುಗಳು ಸಾಲಾಗಿ ಇವೆ. ಯಾರೋ ಬ್ಲೇಡಿನಲ್ಲಿ ಒಂದೊಂದೇ ದಾರ ಕತ್ತರಿಸಿ ನೀಟಾಗಿ ಕಿತ್ತಿದ್ದಾರೆ. ಅಳೆದು ನೋಡಿದರೆ 190 ಅಲ್ಲ, 150. ಗೇರ್ ಎಲ್ಲಾ ಸೇರಿ ನನ್ನ ತೂಕ 85 ಕಿಲೋ, ಅಂದರೆ ಸುಮಾರು 187 ಪೌಂಡ್. 190ರಲ್ಲಿ ಚದರಡಿಗೆ ಒಂದು ಪೌಂಡ್ ಹತ್ತಿರ, ನನ್ನಂಥ ಹೊಸಬನಿಗೆ ಸರಿ. 150ರಲ್ಲಿ ಅದು ಒಂದೂಕಾಲು. ತಿರುವು ಚುರುಕು, ಇಳಿಯುವ ವೇಗ ಜಾಸ್ತಿ, ನೆಲದ ಹತ್ತಿರ ಕೈ ಸ್ವಲ್ಪ ತಪ್ಪಿದರೆ ಕಾಲು ಸೊಂಟ ಮುರಿದುಕೊಳ್ಳುವುದು ಅಲ್ಲೇ. ಚೂಟ್ ಸರಿಯಾಗಿ ತೆರೆದು, ಎಲ್ಲಾ ಚೆನ್ನಾಗಿದ್ದು, ಲ್ಯಾಂಡಿಂಗ್‌ನಲ್ಲಿ ಪೆಟ್ಟು ತಿಂದವರ ಕಥೆ ಯಾವ ಡ್ರಾಪ್‌ಝೋನ್‌ಗೆ ಹೋದರೂ ಕೇಳುತ್ತೀರಿ. ಇವನು ನನ್ನ ತೂಕ ಕೇಳಿದ್ದ. ಕೇಳಿ, ತಿಳಿದುಕೊಂಡು, ಕೊಟ್ಟ.

ಅಲ್ಲಿಂದಲೇ ಫೋನ್ ಮಾಡಿದೆ. ಎತ್ತಲಿಲ್ಲ. ರಾತ್ರಿ ಮೆಸೇಜ್ ಹಾಕಿದ. ಅವನ ಉತ್ತರಗಳನ್ನು ಹಾಗೇ ಬರೆಯುತ್ತೇನೆ, ನಿಮಗೂ ಇದೇ ಮಾತು ಹೇಳಬಹುದು.

"ಗುರು ಸುಮ್ನೆ ತಲೆ ಕೆಡಿಸ್ಕೋಬೇಡ, ಅದ್ರಲ್ಲಿ ನಾನೇ ಹಾರಿದ್ದೀನಿ."

ಸಹಿ ಸುಳ್ಳು ಅಂತ ಗೊತ್ತಾಗಿದೆ ಅಣ್ಣ ಎಂದೆ. "ರಿಗ್ಗರ್‌ಗಳು ಹಂಗೇ ಹೇಳೋದು. ಇನ್ನೊಬ್ಬರ ಪ್ಯಾಕಿಂಗ್ ಸರಿ ಇಲ್ಲ ಅಂದ್ರೆ ತಾನೇ ಅವರಿಗೆ ದುಡ್ಡು."

ಎಎಡಿ ಅವಧಿ ಮುಗಿದಿದೆ ಎಂದೆ. "ಮುಂಚೆ ಎಎಡಿನೇ ಇರ್ಲಿಲ್ಲ, ಜನ ಹಾರ್ತಿರ್ಲಿಲ್ವಾ?"

ಲೇಬಲ್ ಯಾರು ಕಿತ್ತದ್ದು ಎಂದೆ. ಅದಕ್ಕೆ ಉತ್ತರವೇ ಇಲ್ಲ. ಮೂರು ಸಲ ಕೇಳಿದೆ, ಮೂರು ಸಲವೂ ಬೇರೆ ವಿಷಯ ಎತ್ತಿದ.

ಪೊಲೀಸರ ಹತ್ತಿರ ಹೋಗುತ್ತೇನೆ ಎಂದೆ. "ಹೋಗು. ರಿಸರ್ವ್ ಅಂದ್ರೆ ಏನು ಅಂತ ಅವರಿಗೆ ಅರ್ಥ ಮಾಡ್ಸು ನೋಡೋಣ. ಸೆಕೆಂಡ್ ಹ್ಯಾಂಡ್ ಅಂತ ಹೇಳೇ ಕೊಟ್ಟಿದ್ದೀನಿ."

ಈ ಕೊನೆಯ ಮಾತು ಓದಿ ಕೈ ನಡುಗಿತು. ಕಂಪ್ಲೇಂಟ್ ಕೊಟ್ಟಿದ್ದೇನೆ. ಮೆಸೇಜುಗಳು, ಕಾರ್ಡ್, ಆ ರಿಗ್ಗರ್ ಬರೆದ ಉತ್ತರ, ಎಲ್ಲಾ ಕೊಟ್ಟಿದ್ದೇನೆ. ಅದು ಆದ ಮೇಲೆ ಅವನ ದನಿ ಬದಲಾಯಿತು. "ರಿಗ್ ವಾಪಸ್ ಕೊಡು, ಅರ್ಧ ದುಡ್ಡು ಕೊಡ್ತೀನಿ, ಇಬ್ರಿಗೂ ತೊಂದ್ರೆ ಬೇಡ" ಎಂದ. ನಮ್ಮ ಮನೆಯಲ್ಲಿ ಎಲ್ಲರೂ ತೆಗೆದುಕೊಂಡು ಸುಮ್ಮನಿರು ಎಂದರು. ನಾನು ಕೊಡಲಿಲ್ಲ, ಕೊಡುವುದೂ ಇಲ್ಲ. ಕೊಟ್ಟರೆ ಮರುದಿನ ಹೊಸ ದಾರ ಕಟ್ಟಿ ಇನ್ನೊಬ್ಬ ಹುಡುಗನ ಬೆನ್ನಿಗೆ ಹಾಕುತ್ತಾನೆ.

ವಿಂಗ್‌ಸೂಟ್ ವಿಷಯ ಬೇರೆಯೇ ಹೇಳಬೇಕು, ಯಾಕೆಂದರೆ ನನಗೆ ಅದೇ ಎಲ್ಲಕ್ಕಿಂತ ಭಯ ಹುಟ್ಟಿಸಿದ್ದು. ರಿಗ್ ಜೊತೆ ಒಂದು ಹಳೆಯ ವಿಂಗ್‌ಸೂಟ್ ಕೂಡ ಕೊಟ್ಟ, "ಇದು ನನ್ನ ಕಡೆಯಿಂದ ಫ್ರೀ" ಎಂದು. ನಾನು ಎ ಲೈಸೆನ್ಸಿನವನು ಎಂದು ಅವನಿಗೆ ಗೊತ್ತು. ಅಮೆರಿಕದ ಯುಎಸ್‌ಪಿಎ ಎಂಬ ಸ್ಕೈಡೈವಿಂಗ್ ಸಂಘದ ನಿಯಮದಂತೆ ವಿಂಗ್‌ಸೂಟ್ ಹಾಕಲು ಕನಿಷ್ಠ 200 ಜಂಪ್ ಆಗಿರಬೇಕು. ಅದನ್ನು ಹೇಳಿದರೆ "ಅದೆಲ್ಲ ಅವರ ದೇಶದ ರೂಲ್ಸು, ನಮ್ಮಲ್ಲಿ ಯಾರ್ ಕೇಳ್ತಾರೆ" ಎಂದ. ಯಾರು ಕೇಳುತ್ತಾರೆ ಎಂದರೆ ಏನರ್ಥ? ಆ ಸೂಟಿನಲ್ಲಿ ತೋಳಿಗೂ ಮೈಗೂ ನಡುವೆ ಬಟ್ಟೆ, ಕಾಲುಗಳ ನಡುವೆ ಬಟ್ಟೆ. ಬೆನ್ನ ಹಿಂದೆ ಗಾಳಿ ಕದಡಿಹೋಗಿರುತ್ತದೆ, ಪೈಲಟ್ ಚೂಟ್ (ಮೇನನ್ನು ಎಳೆದು ತೆರೆಸುವ ಪುಟ್ಟ ಚೂಟ್) ಎಸೆದರೂ ಅದು ಅಲ್ಲೇ ತಡಕಾಡಬಹುದು. ಅದಕ್ಕೇ ವಿಂಗ್‌ಸೂಟಿನವರು ಉದ್ದದ ಬ್ರೈಡಲ್ (ಪೈಲಟ್ ಚೂಟನ್ನು ಮೇನ್ ಜೊತೆ ಕಟ್ಟುವ ಪಟ್ಟಿ), ದೊಡ್ಡ ಪೈಲಟ್ ಚೂಟ್, ನಿಧಾನಕ್ಕೆ ಸಮಾಧಾನವಾಗಿ ತೆರೆಯುವ ಮೇನ್ ಇಟ್ಟುಕೊಳ್ಳುವುದು. ಈ ರಿಗ್‌ನಲ್ಲಿದ್ದದ್ದು ಮಾಮೂಲಿ ಗಿಡ್ಡ ಬ್ರೈಡಲ್. ಇವತ್ತಿನ ವಿಂಗ್‌ಸೂಟಿಗೆ ದಾರಿ ಮಾಡಿಕೊಟ್ಟ ಫ್ರಾನ್ಸಿನ ಪ್ಯಾಟ್ರಿಕ್ ಡಿ ಗಯಾರ್ಡನ್ 1998ರಲ್ಲಿ ಹವಾಯಿಯಲ್ಲಿ ತೀರಿಕೊಂಡದ್ದು ತಮ್ಮ ಪ್ಯಾರಾಚೂಟ್ ಕಂಟೇನರ್‌ಗೆ ತಾವೇ ಮಾಡಿಕೊಂಡ ಬದಲಾವಣೆಯ ಹೊಲಿಗೆಯಲ್ಲಿ ಎಡವಟ್ಟಾಗಿ. ಅಂಥವರಿಗೇ ಹಾಗಾಯಿತು. ಇವನು ಹೊಸಬನ ಕೈಗೆ ಸುಳ್ಳು ಸೀಲ್, ಸತ್ತ ಎಎಡಿ, ಮೇಲೆ ಒಂದು ವಿಂಗ್‌ಸೂಟ್ ಕೊಟ್ಟು ಕಳಿಸಿದ.

ತೆಗೆದುಕೊಳ್ಳುವವರು ಇಷ್ಟು ಮಾಡಿ ಸಾಕು. ಮೇನ್, ರಿಸರ್ವ್, ಕಂಟೇನರ್, ಎಎಡಿ, ನಾಲ್ಕರ ಲೇಬಲ್ ಫೋಟೋವನ್ನೂ ಸೀರಿಯಲ್ ನಂಬರ್ ಕಾಣುವ ಹಾಗೆ ಮೊದಲೇ ಕೇಳಿ. ಆ ನಂಬರನ್ನು ತಯಾರಿಸಿದ ಕಂಪನಿಗೆ ಬರೆದು ವಿಚಾರಿಸಿ. ಕಾರ್ಡ್‌ನಲ್ಲಿ ಸಹಿ ಮಾಡಿದ ರಿಗ್ಗರ್‌ಗೆ ನೀವೇ ಮೆಸೇಜ್ ಮಾಡಿ, ಮಾರುವವನು ಕೊಟ್ಟ ನಂಬರಿಗೆ ಅಲ್ಲ. "ಬಿಚ್ಚಿದರೆ ದಂಡ" ಎಂದರೆ ಆ ದಂಡ ನಾನೇ ಕೊಡ್ತೀನಿ ಬಿಚ್ಚಿಸಿ ಎನ್ನಿ. ಅಷ್ಟಕ್ಕೂ ಒಪ್ಪದಿದ್ದರೆ ಎದ್ದು ಬನ್ನಿ.

ಹೆಸರು ಬರೆಯುತ್ತಿಲ್ಲ, ಕಂಪ್ಲೇಂಟ್ ನಡೆಯುತ್ತಿದೆ. ಆದರೆ ಅದೇ ಮನುಷ್ಯ ಈಗ ಇನ್ನೊಂದು ರಿಗ್ ಮಾರುತ್ತಿದ್ದಾನೆ. ನೀಲಿ ಟಾರ್ಪಾಲ್ ಮೇಲೆ ಹಾಸಿದ ಕೆಂಪು ಕಪ್ಪು ಕಂಟೇನರ್, ಅದೇ "ಹೋದ ತಿಂಗಳು ರೀಪ್ಯಾಕ್" ಮಾತು. ಮದ್ದೂರು ಕಡೆಯ ಒಬ್ಬ ಹುಡುಗ ಮುಂಗಡ ಕೊಟ್ಟಾಗಿದೆ ಎಂದು ಕೇಳಿದೆ, ಅವನ ನಂಬರ್ ನನಗೆ ಸಿಕ್ಕಿಲ್ಲ. ಯಾರಿಗಾದರೂ ಪರಿಚಯ ಇದ್ದರೆ ಇವತ್ತೇ ಫೋನ್ ಮಾಡಿ ಹೇಳಿ, ರಿಸರ್ವ್ ಬಿಚ್ಚಿಸದೆ ಉಳಿದ ದುಡ್ಡು ಹಾಕಬೇಡ ಎಂದು.