ಟೊಮೆಟೊಗೆ ಗ್ರೋ ಬ್ಯಾಗ್: ಚೀಲ ಪರವಾಗಿಲ್ಲ, ಜೊತೆಗೆ ಕೊಟ್ಟ ಪುಡಿ ಬೇಡ

ನಮ್ಮ ಮನೆ ಕಾಸರಗೋಡಿನ ಬದಿಯಡ್ಕದ ಹತ್ತಿರ. ಅಂಗಳದ ಬದಿಗೆ ಟೊಮೆಟೊ ನೆಟ್ಟರೆ ಹೂ ಬಿಡುವ ಹೊತ್ತಿಗೆ ಸರಿಯಾಗಿ ಗಿಡ ಬಾಡುತ್ತಿತ್ತು. ಬೆಳಿಗ್ಗೆ ನೆಟ್ಟಗಿದ್ದದ್ದು ಮಧ್ಯಾಹ್ನಕ್ಕೆ ಜೋತುಬಿದ್ದಿರುತ್ತದೆ, ಎಲೆ ಮಾತ್ರ ಹಸಿರೇ. ನೀರು ಸಾಲದು ಅಂತ ಅಮ್ಮ ಇನ್ನಷ್ಟು ಸುರಿದರು. ಕೊನೆಗೆ ಒಂದು ಗಿಡದ ಕಾಂಡ ಕತ್ತರಿಸಿ ಗಾಜಿನ ಲೋಟದ ನೀರಿಗೆ ಇಳಿಬಿಟ್ಟೆ. ಸ್ವಲ್ಪ ಹೊತ್ತಿಗೆ ತುದಿಯಿಂದ ಹಾಲಿನಂಥ ಎಳೆ ಇಳಿಯಿತು. ಬ್ಯಾಕ್ಟೀರಿಯಾದ ಸೊರಗು ರೋಗ! ನಮ್ಮ ಹುಳಿ (ಆಮ್ಲೀಯ) ಮಣ್ಣಿನಲ್ಲಿ ಇದು ಜಾಸ್ತಿ, ಮೊದಲು ಬದನೆ ಬೆಳೆದ ಜಾಗವಾದರೆ ಕೇಳುವುದೇ ಬೇಡ.

ಹಾಗಾಗಿ ಪೇಟೆಯ ಒಂದು ಅಂಗಡಿಯಿಂದ 12 ಇಂಚಿನ 10 ಗ್ರೋ ಬ್ಯಾಗ್ (ಗಿಡ ಬೆಳೆಸುವ ಚೀಲ), ಒಂದು 5 ಕೆಜಿ ಕೊಕೊಪೀಟ್ ಇಟ್ಟಿಗೆ, ಅಂದರೆ ತೆಂಗಿನ ಸಿಪ್ಪೆಯ ಪುಡಿ ಒತ್ತಿ ಮಾಡಿದ್ದು, ತಂದೆ. ಚೀಲ ಒಂದಕ್ಕೆ 25 ರೂಪಾಯಿ. ತೆಂಗಿನ ತೋಟದ ನಡುವೆ ಕೂತು ಸಿಪ್ಪೆಯ ಪುಡಿಗೆ ದುಡ್ಡು ಕೊಟ್ಟದ್ದಕ್ಕೆ ಭಾವ ಈಗಲೂ ನಗುತ್ತಾರೆ.

ನಗಲಿ, ಸರಿಯೇ. "ತೊಳೆದದ್ದೇ, ಸೀದಾ ಹಾಕಿ" ಅಂದಿದ್ದರು ಅಂಗಡಿಯವರು, ನಾನೂ ನಂಬಿದೆ, ಹತ್ತೇ ದಿನದಲ್ಲಿ ಸಸಿಗಳ ಎಲೆಯ ಅಂಚು ಸುಟ್ಟ ಹಾಗಾಯಿತು. ಪುಡಿಯಲ್ಲಿ ಉಪ್ಪು ಉಳಿದಿತ್ತು. ಉಳಿದದ್ದನ್ನು ಬಕೆಟಿಗೆ ಹಾಕಿ ತೊಳೆದರೆ ಕಣ್ಣ ಚಾಯದ (ಹಾಲು ಹಾಕದ ಚಹಾದ) ಬಣ್ಣದ ನೀರು, ಮೂರು ಸಲ ಬಸಿದ ಮೇಲೆ ತಿಳಿಯಾಯಿತು. ಹೇಳಲು ಹೋದರೆ ನಾನೇ ಗೊಬ್ಬರ ಜಾಸ್ತಿ ಹಾಕಿರಬೇಕು ಅಂದರು. ಗೊಬ್ಬರವನ್ನೇ ಹಾಕಿರಲಿಲ್ಲ!

ಎರಡನೇ ಸಲ ನೆಡುವಾಗ ತೊಳೆದ ಪುಡಿ, ಸುಡುಮಣ್ಣು (ಕಸಕಡ್ಡಿ ಸೇರಿಸಿ ಸುಟ್ಟ ಮಣ್ಣು), ಹಳೆ ಹಟ್ಟಿಗೊಬ್ಬರ ಸಮಸಮ, ಮೇಲೊಂದು ಹಿಡಿ ಬೇವಿನ ಹಿಂಡಿ. ಅಂಗಳದ ಮಣ್ಣನ್ನೇ ತುಂಬಿದರೆ ರೋಗವನ್ನೂ ತುಂಬಿದ ಹಾಗೆ ಅಲ್ವಾ? ಬೀಜ ಅರ್ಕಾ ರಕ್ಷಕ್, ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯದ್ದು. ಸೊರಗು, ಎಲೆ ಮುರುಟು, ಎಲೆಚುಕ್ಕೆ ಮೂರನ್ನೂ ತಡೆದುಕೊಳ್ಳುವ ಹೈಬ್ರಿಡ್. ಹಣ್ಣಿನ ಬೀಜ ಎತ್ತಿಟ್ಟರೆ ಮರುವರ್ಷ ಅದೇ ಗುಣ ಬರುವುದಿಲ್ಲ, ಹೊಸತೇ ತರಬೇಕು. ಹತ್ತರಲ್ಲಿ ಎಂಟು ಗಿಡ ಉಳಿದವು.

ಚೀಲದ ಬಗ್ಗೆ: ತೂತು ನಾಲ್ಕೇ, ಅದೂ ಬದಿಯಲ್ಲಿ. ಕಂಬಿ ಕಾಯಿಸಿ ಅಡಿಗೆ ನಾಲ್ಕು ಚುಚ್ಚಿದೆ, ಬೇರು ನೆಲ ಮುಟ್ಟದ ಹಾಗೆ ಎರಡು ಕಲ್ಲಿನ ಮೇಲಿಟ್ಟೆ. ಎರಡನೇ ಬೇಸಗೆಗೆ ಬಿಸಿಲಿನ ಬದಿ ಹಪ್ಪಳದ ಹಾಗೆ ಮುರಿಯತೊಡಗಿತು. 25 ರೂಪಾಯಿಗೆ ಅಷ್ಟು ಸಾಕು, ಚೀಲ ಮತ್ತೆ ತರುತ್ತೇನೆ. ಪುಡಿ ಮಾತ್ರ ಈ ಸಲ ಬೇರೆ ಕಡೆಯಿಂದ.